ದೇವರು ಆರಿಸಿದ ಲ್ಯಾಪ್‌ಟಾಪ್

ನಮ್ಮಪ್ಪ ಯಾರಿಗೂ ಇಲ್ಲ ಅಂದವರಲ್ಲ ಎಂದು ಹೊಳೆನರಸೀಪುರದ ನಮ್ಮ ಬೀದಿಯವರು ಇವತ್ತಿಗೂ ಹೊಗಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೊಗಳಿಕೆ ಸುಳ್ಳಲ್ಲ. ಅಪ್ಪ ನಿಜವಾಗಿಯೂ ಯಾರಿಗೂ ಇಲ್ಲ ಅನ್ನಲಿಲ್ಲ. ಇಲ್ಲ ಅನ್ನುವ ಕೆಲಸವನ್ನು ಅವರು ದೇವರಿಗೆ ವಹಿಸಿಬಿಟ್ಟಿದ್ದರು.

ಬೀದಿಯ ಕೊನೆಗಿದ್ದ ಚಿಕ್ಕ ಗುಡಿಗೆ ಅಪ್ಪ ಅರ್ಚಕರು. ಗುಡಿ ಚಿಕ್ಕದಾದರೂ ಅಲ್ಲಿ ಹೂ ಕೇಳುವುದಕ್ಕೆ ಸುತ್ತಲ ಊರುಗಳಿಂದ ಜನ ಬರುತ್ತಿದ್ದರು. ದೇವರ ಎರಡು ಭುಜದ ಮೇಲೂ ಹೂ ಇಟ್ಟು, ಬಂದವರ ಮನಸ್ಸಿನಲ್ಲಿರುವುದನ್ನು ಅಪ್ಪ ಗಟ್ಟಿಯಾಗಿ ಕೇಳುತ್ತಿದ್ದರು. ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಹೆಣ್ಣು ಕೊಡೋಣವೇ, ಬೋರ್ ಕೊರೆಸೋಣವೇ, ದಾಯಾದಿಯ ಮೇಲೆ ಕೋರ್ಟಿಗೆ ಹೋಗೋಣವೇ, ಎಲ್ಲಕ್ಕೂ ಅದೇ ದಾರಿ. ಒಮ್ಮೆ ಸಾಲಗಾಮೆ ಕಡೆಯ ರೈತರೊಬ್ಬರು ಎಡಗಡೆ ಹೂ ಬಿದ್ದ ಮೇಲೂ ಜಗುಲಿ ಬಿಟ್ಟು ಏಳಲಿಲ್ಲ. "ಇನ್ನೊಂದ್ ಕಿತ ಕೇಳಿ ಸಾಮಿ, ನಾನಾಗ್ಲೇ ಅವ್ರಿಗೆ ಮಾತು ಕೊಟ್ಬುಟ್ಟಿವ್ನಿ" ಎಂದು ಗೋಗರೆದರು. ಅಪ್ಪ ನಗುನಗುತ್ತಲೇ, ದೇವರನ್ನು ಎರಡು ಸಲ ಕೇಳಬಾರದು ಎಂದರು. ಅವರು ಸಿಟ್ಟು ಮಾಡಿಕೊಂಡು ಹೋದರು. ಅಪ್ಪನ ಮೇಲಲ್ಲ, ದೇವರ ಮೇಲೆ.

ಮನೆಯೊಳಗಿನ ವ್ಯವಹಾರವೂ ಹೀಗೇ ನಡೆಯುತ್ತಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗೆ ಮಿಕ್ಸಿ ಬಂದದ್ದು ಬಲಗಡೆಯ ಹೂವಿನಿಂದ. ಕೇಬಲ್ ಟೀವಿ ಬಾರದೇ ಹೋದದ್ದು ಎಡಗಡೆಯ ಹೂವಿನಿಂದ. ಅಮ್ಮ ತನ್ನ ಅಕ್ಕಂದಿರ ಜೊತೆ ಕಾಶಿಗೆ ಹೋಗಬೇಕೆಂದು ಆಸೆಪಟ್ಟಾಗಲೂ ಎಡಗಡೆಯದೇ ಬಿತ್ತು. ಅಮ್ಮ ಹೋಗಿ ಒಲೆ ಹಚ್ಚಿದಳು. ಗಂಡ ಬೇಡ ಅಂದಿದ್ದರೆ ಜಗಳವಾಡಬಹುದಿತ್ತು, ದೇವರ ಜೊತೆ ಯಾರು ಜಗಳವಾಡುತ್ತಾರೆ?

ಹತ್ತನೇ ವಯಸ್ಸಿನಿಂದ ಹೂವಿನ ತಟ್ಟೆ ಸಿದ್ಧ ಮಾಡುವುದು ನನ್ನ ಕೆಲಸ. ಗರ್ಭಗುಡಿಯೊಳಗೆ ನನಗೆ ಪ್ರವೇಶವಿರಲಿಲ್ಲ, ಹೊಸ್ತಿಲ ತನಕ ಮಾತ್ರ. ತಟ್ಟೆಯ ಬಲಕ್ಕಿಟ್ಟದ್ದು ದೇವರ ಬಲಭುಜಕ್ಕೆ, ಎಡಕ್ಕಿಟ್ಟದ್ದು ಎಡಭುಜಕ್ಕೆ ಎಂದು ಅಪ್ಪ ಅಭ್ಯಾಸ ಮಾಡಿಸಿದ್ದರು. ಎಂಟು ವರ್ಷ ಹೊಸ್ತಿಲ ಹೊರಗೆ ನಿಂತು ನೋಡಿದವಳಿಗೆ ಯಾವ ಹೂ ಯಾವಾಗ ಬೀಳುತ್ತದೆ ಎಂದು ಗೊತ್ತಾಗದೇ ಇರುತ್ತದೆಯೇ? ತೊಟ್ಟು ಉದ್ದವಿರುವ ದಪ್ಪ ಸೇವಂತಿಗೆ ಎರಡು ನಿಮಿಷ ನಿಲ್ಲುವುದಿಲ್ಲ. ಒದ್ದೆ ತುಳಸಿಯ ಕುಡಿ ಮಧ್ಯಾಹ್ನದವರೆಗೂ ಕಚ್ಚಿಕೊಂಡಿರುತ್ತದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದು ಅನ್ನಿಸಿಯೂ ಇರಲಿಲ್ಲ, ಲ್ಯಾಪ್‌ಟಾಪಿನ ವಿಷಯ ಬರುವ ತನಕ.

ಆಗ ನಾನು ಹಾಸನದಲ್ಲಿ ಸಿವಿಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೆ. ದಿನಾ ಬೆಳಿಗ್ಗೆ ಬಸ್ಸು, ದಿನಾ ಸಂಜೆ ಬಸ್ಸು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಓವರ್‌ಹೆಡ್ ಟ್ಯಾಂಕಿನ ವಿನ್ಯಾಸ ಮಾಡಬೇಕಿತ್ತು, ಬರೀ ಗೆರೆಯ ನಕ್ಷೆಯಲ್ಲ, ಎಲ್ಲ ದಿಕ್ಕಿನಿಂದಲೂ ತಿರುಗಿಸಿ ನೋಡುವಂಥ ತ್ರೀ-ಡಿ. ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕು ಜನ. ಅವರಲ್ಲಿ ಮೂವರು ಹುಡುಗರಾದರೆ ಮೌಸು ನಮ್ಮ ಕೈಗೆ ಬರುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ಆದ್ದರಿಂದ ನಾನು ಬಸ್ ಸ್ಟ್ಯಾಂಡಿನ ಹಿಂದಿನ ಸೈಬರ್ ಸೆಂಟರಿಗೆ ಹೋಗತೊಡಗಿದೆ. ಅಲ್ಲಿ ನನಗೆ ಕಾರಿನ ರೇಸಿನ ಆಟ ಸಿಕ್ಕಿತು.

ಸಿಕ್ಕಿತು ಅಂದರೆ ಹುಚ್ಚು ಹಿಡಿಯಿತು ಎಂದೇ ಅರ್ಥ. ನಕ್ಷೆ ಅರ್ಧ ಗಂಟೆ, ರೇಸು ಅರ್ಧ ಗಂಟೆ. ಸೈಬರಿನವನು ಅರಕಲಗೂಡು ಕಡೆಯವನು, ಕೆಲಸಕ್ಕಿಂತ ಮಾತು ಜಾಸ್ತಿ. ಒಂದು ದಿನ ನನ್ನ ಹಿಂದೆ ಬಂದು ನಿಂತವನು ಪರದೆಯ ಮೇಲಿದ್ದ ಸಮಯ ನೋಡಿ, "ಈ ಟೈಮು ಹುಡುಗ್ರಿಗೂ ಬಂದಿಲ್ಲ ಕಣ್ರೀ ಮೇಡಂ, ಎಂಗ್ ಓಡಿಸ್ದ್ರಿ?" ಎಂದ. ಇಡೀ ವಾರ ನನಗೆ ಆ ಮಾತೇ ಊಟ. ಮನೆಯಲ್ಲಿ ಅಪ್ಪನ ಹಳೆಯ ಮೊಪೆಡ್ಡನ್ನು ಅಂಗಳದಿಂದ ಬೀದಿಗೆ ತಳ್ಳುವುದಕ್ಕೂ ನನಗೆ ಬಿಡುತ್ತಿರಲಿಲ್ಲ. ಆದರೆ ಅದಕ್ಕಾಗಿ ನಾನು ಆಡುತ್ತಿದ್ದೆ ಎಂದು ಯಾರೂ ಕತೆ ಕಟ್ಟುವುದು ಬೇಡ. ನನಗೆ ಇಷ್ಟವಾಯಿತು, ಆಡಿದೆ. ಇಷ್ಟಪಟ್ಟದ್ದಕ್ಕೆ ಕಾರಣ ಕೊಡಬೇಕಾದವರು ಹೆಣ್ಣುಮಕ್ಕಳು ಮಾತ್ರ.

ಮನೆಗೆ ಕಂಪ್ಯೂಟರ್ ಬೇಕು ಎಂಬ ಮಾತು ಎದ್ದಾಗ, ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಲ್ಯಾಪ್‌ಟಾಪೇ ಸರಿ ಎಂದು ತೀರ್ಮಾನವಾಯಿತು. ತಮ್ಮ ಎರಡನೇ ಪಿಯುಸಿಯಲ್ಲಿದ್ದ. ಓದಿಗೆ ಅವಳಿಗೂ ಬೇಕು, ಬೇಸರ ಕಳೆಯಲು ಹುಡುಗನಿಗೆ ಆಟಕ್ಕೂ ಬೇಕು ಎಂದು ಅಪ್ಪ ಕೆಲಸ ಹಂಚಿದರು. ಓದು ನನ್ನ ಪಾಲು, ಆಟ ಅವನ ಪಾಲು. ಅವನು ಆಡುತ್ತಿದ್ದದ್ದು ಒಂದು ಹಳೆಯ ಕ್ರಿಕೆಟ್ ಆಟ, ಅದು ಯಾವ ಡಬ್ಬದಲ್ಲಾದರೂ ಓಡುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಓದಿನ ಹೆಸರಿನಲ್ಲೇ ಆಟಕ್ಕೆ ಬೇಕಾದದ್ದೂ ಬಂದುಬಿಡುತ್ತದೆ ಎಂಬುದು ನನ್ನ ಲೆಕ್ಕ. ತ್ರೀ-ಡಿ ನಕ್ಷೆಗೂ ರೇಸಿಗೂ ಬೇಕಾದದ್ದು ಒಂದೇ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು. ಅದಿದ್ದರೆ ಟ್ಯಾಂಕೂ ತಿರುಗುತ್ತದೆ, ಕಾರೂ ಓಡುತ್ತದೆ. ಇಲ್ಲದಿದ್ದರೆ ಎರಡೂ ಇಲ್ಲ.

ಆರಿಸಿ ಕೊಡುವುದಕ್ಕೆ ಚನ್ನರಾಯಪಟ್ಟಣದಿಂದ ಮಾವ ಬಂದರು. ಅಮ್ಮನ ತಮ್ಮ, ಹೈಸ್ಕೂಲು ಮೇಷ್ಟ್ರು. ಶಾಲೆಗೆ ಬಂದ ಕಂಪ್ಯೂಟರಿನ ಕೋಣೆಯ ಬೀಗದ ಕೈ ಅವರ ಹತ್ತಿರ ಇರುತ್ತಿತ್ತು. ಆ ಬೀಗದ ಕೈಯಿಂದಲೇ ಅವರು ಇಡೀ ಬಂಧುಬಳಗಕ್ಕೆ ಕಂಪ್ಯೂಟರ್ ಪಂಡಿತರಾಗಿದ್ದರು. ಪತ್ರಿಕೆಯ ಜಾಹೀರಾತುಗಳನ್ನು ಕತ್ತರಿಸಿ, ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡು, ಹೆಣ್ಣು ನೋಡಲು ಹೋಗುವವರ ಗತ್ತಿನಲ್ಲಿ ನಮ್ಮನ್ನೆಲ್ಲ ಹಾಸನಕ್ಕೆ ಹೊರಡಿಸಿದರು.

ಅಂಗಡಿ ಮೊದಲನೇ ಮಹಡಿಯಲ್ಲಿತ್ತು. ಅಂಗಡಿಯವನು ಅಪ್ಪನ ಜುಟ್ಟು ನೋಡಿ ಕುರ್ಚಿ ಕೊಟ್ಟ. ಮಾವನ ಕೈಯಲ್ಲಿದ್ದ ಪಟ್ಟಿ ನೋಡಿ ಟೀ ತರಿಸಿದ. ತಮ್ಮನ ಚಿಗುರು ಮೀಸೆ ನೋಡಿ, ಗೇಮ್ ಜಾಸ್ತಿ ಆಡ್ತೀರಾ ಬಾಸ್ ಎಂದು ವಿಚಾರಿಸಿದ. ನನ್ನನ್ನು ನೋಡಿ, ಚಪ್ಪಲಿ ಹೊರಗೆ ಬಿಡಿ ಎಂದ.

ಅಪ್ಪ ತೆಗೆದಿಟ್ಟಿದ್ದ ಹಣಕ್ಕೆ ಬರುವಂಥವು ಎರಡೇ ಇದ್ದವು, ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದು ಕಪ್ಪು. ರುಬ್ಬುವ ಗುಂಡಿನಷ್ಟು ಭಾರ, ಚಂದವಿಲ್ಲ, ಫ್ಯಾನು ಹೊರಟರೆ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. ಆದರೆ ಅದರಲ್ಲಿ ಗ್ರಾಫಿಕ್ಸ್ ಕಾರ್ಡಿತ್ತು. ಇನ್ನೊಂದು ಬೆಳ್ಳಿ ಬಣ್ಣದ್ದು. ತೆಳ್ಳಗೆ, ಮುಚ್ಚಳದಲ್ಲಿ ಮುಖ ನೋಡಿಕೊಳ್ಳಬಹುದು, ಮೇಲೊಂದು ಕ್ಯಾಮೆರಾ, ಜೊತೆಗೊಂದು ಬ್ಯಾಗು, ಅದಕ್ಕಿಂತ ಹೆಚ್ಚಾಗಿ ಒಂದು ಪ್ರಿಂಟರು ಉಚಿತ. ಗ್ರಾಫಿಕ್ಸ್ ಕಾರ್ಡು ಎಲ್ಲಿ ಎಂದು ಕೇಳಿದರೆ ಅಂಗಡಿಯವನು ತಮ್ಮನ ಕಡೆ ತಿರುಗಿ, ಬೇರೆ ಬೇಡ, ಬೋರ್ಡಿನೊಳಗೇ ಸೇರಿಕೊಂಡಿರುತ್ತೆ ಎಂದು ಉತ್ತರ ಕೊಟ್ಟ. ಕೇಳಿದವಳು ನಾನು.

ನಾನು ಪೆನ್‌ಡ್ರೈವ್ ತಂದಿದ್ದೆ. ಆಗಿನ ಅಂಗಡಿಗಳಲ್ಲಿ ಡೆಮೊಗೆಂದು ಇರುವ ಬರುವ ಸಾಫ್ಟ್‌ವೇರನ್ನೆಲ್ಲ ತುಂಬಿಟ್ಟಿರುತ್ತಿದ್ದರು. ನನ್ನ ಅರ್ಧಂಬರ್ಧ ಟ್ಯಾಂಕನ್ನು ಎರಡರಲ್ಲೂ ತೆರೆದು ತಿರುಗಿಸಿದೆ. ಕಪ್ಪಿನಲ್ಲಿ ಅದು ಬುಗುರಿಯ ಹಾಗೆ ತಿರುಗಿತು. ಬೆಳ್ಳಿಯದರಲ್ಲಿ ಒಂದು ಮೂಲೆಗೆ ತಿರುಗಿ ನಿಂತಿತು, ಪರದೆ ಬೆಳ್ಳಗಾಯಿತು, ಆಮೇಲೆ ಮೌಸೂ ಅಲುಗಲಿಲ್ಲ. ಎಲ್ಲರೂ ನೋಡಿದರು. ಮಾವ ಟೀ ಕೆಳಗಿಟ್ಟು, ಹೊಸ ಮಾಲು ಅಲ್ಲವೇ, ಇನ್ನೂ ಪಳಗಬೇಕು ಎಂದರು. ಕೊಂಬಿಗೆ ಬಣ್ಣ ಬಳಿದ ಹೋರಿಯ ವಿಷಯ ಮಾತಾಡಿದ ಹಾಗಿತ್ತು. ನನಗೆ ಆ ಟೀ ಲೋಟವನ್ನು ಅವರ ಪಟ್ಟಿಯ ಮೇಲೆ ಬಗ್ಗಿಸಬೇಕೆನ್ನಿಸಿತು.

ಅಪ್ಪ ಮಾತ್ರ ಎರಡೂ ಚೆನ್ನಾಗೇ ಇದೆ ಎಂದು ತಲೆಯಾಡಿಸಿ, ನಾಳೆ ಹೇಳುತ್ತೇವೆ ಎಂದು ಎದ್ದರು. ವಾಪಸು ಬರುವ ಬಸ್ಸಿನಲ್ಲಿ ನಾನೂ ಮಾವನೂ ಊರು ಬರುವ ತನಕ ಕಿತ್ತಾಡಿದೆವು. ಪ್ರಿಂಟರು ಇದ್ದರೆ ವ್ರತದ ಕರೆಯೋಲೆ, ಜಾತಕ ಎಲ್ಲ ಮನೆಯಲ್ಲೇ ಅಚ್ಚು ಹಾಕಬಹುದಂತೆ. ಪ್ರಾಜೆಕ್ಟು ಅಚ್ಚು ಹಾಕುವುದಕ್ಕೆ ಮೊದಲು ಅದು ಆಗಬೇಕಲ್ಲ ಎಂದೆ. ಕಂಪ್ಯೂಟರ್ ನೋಡಿದ್ದು ನಾನೋ ನೀನೋ ಎಂದರು ಮಾವ. ಕಿಟಕಿಯ ಪಕ್ಕ ಕಣ್ಣು ಮುಚ್ಚಿ ಕೂತಿದ್ದ ಅಪ್ಪ ಕೊನೆಗೆ, "ಯಾಕೆ ಜಗಳ? ದೇವರನ್ನೇ ಕೇಳೋಣ. ಕರೀದನ್ನ ತಗೊಳ್ಳೋದಾದ್ರೆ ಬಲಗಡೆ ಕೊಡಪ್ಪಾ ಅಂತ ಕೇಳ್ತೀನಿ" ಎಂದರು.

ನಾನು ತಕ್ಷಣ ಸುಮ್ಮನಾದೆ. ಮಾವನಿಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ತಟ್ಟೆಯ ಬಲಕ್ಕೆ ಇದ್ದುದರಲ್ಲೇ ದಪ್ಪನೆಯ ಸೇವಂತಿಗೆಯನ್ನು ಉದ್ದ ತೊಟ್ಟಿನ ಸಮೇತ ಇಟ್ಟೆ, ನೀರು ಚೂರೂ ಇರದ ಹಾಗೆ ಒರೆಸಿ. ಎಡಕ್ಕೆ ನಾಲ್ಕೇ ಎಸಳಿನ ತುಳಸಿಯ ಕುಡಿ. ಅದರ ಕೆಳಗೆ ತೇಯ್ದ ಗಂಧವನ್ನು ಸಣ್ಣಗೆ ಸವರಿದೆ. ಗಂಧ ಒಣಗಿದರೆ ಅಂಟಿನ ಹಾಗೆ ಹಿಡಿಯುತ್ತದೆ. ದೇವರಿಲ್ಲ ಎನ್ನುವಷ್ಟು ಧೈರ್ಯ ನನಗಿರಲಿಲ್ಲ. ದೇವರಿಗೆ ಗ್ರಾಫಿಕ್ಸ್ ಕಾರ್ಡಿನ ವಿಷಯ ಗೊತ್ತಿರಲಾರದು, ಸ್ವಲ್ಪ ಸಹಾಯ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಎಲ್ಲರೂ ಗುಡಿಯಲ್ಲಿ ಕೈ ಮುಗಿದು ನಿಂತೆವು. ಅಪ್ಪ ತಟ್ಟೆ ತೆಗೆದುಕೊಂಡು ಒಳಗೆ ಹೋದರು, ಎರಡೂ ಭುಜಕ್ಕೆ ಹೂ ಇಟ್ಟರು, ಮಂಗಳಾರತಿ ಎತ್ತಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಬೆಳ್ಳಿ ಬಣ್ಣದ್ದನ್ನ ತಗೊಳ್ಳೋದಾದ್ರೆ ಬಲಗಡೆ ಹೂ ಕೊಡಪ್ಪಾ" ಎಂದರು.

ಅಪ್ಪ, ನಿನ್ನೆ ಬಸ್ಸಿನಲ್ಲಿ ನೀವು ಹೇಳಿದ್ದು ಹಾಗಲ್ಲ ಎನ್ನಲು ಬಾಯಿ ತೆರೆದೆ. ಎಂದರೆ ಏನಾಗುತ್ತಿತ್ತು? ಹೇಗೆ ಕೇಳಿದರೂ ದೇವರು ಹೇಳುವುದನ್ನೇ ಹೇಳುತ್ತಾನೆ, ನಿನಗೇನು ತಕರಾರು ಎನ್ನುತ್ತಿದ್ದರು. ಆ ಪ್ರಶ್ನೆಗೆ ಉತ್ತರವಿದ್ದದ್ದು ನನ್ನ ಬಳಿ ಮಾತ್ರ, ಅದನ್ನು ಹೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಸೇವಂತಿಗೆ ದೊಪ್ಪೆಂದು ಬಿತ್ತು. ಅಷ್ಟು ಬೇಗ ಬಲ ಕೊಟ್ಟದ್ದನ್ನು ತಾನು ಕಂಡೇ ಇಲ್ಲ ಎಂದು ಮಾವ ಎರಡೂ ಕೆನ್ನೆ ಬಡಿದುಕೊಂಡರು. ತುಳಸಿ ಸಂಜೆಯ ಪೂಜೆಯವರೆಗೂ ಅಲ್ಲೇ ಇತ್ತು. ಚೆನ್ನಾಗಿ ಅಂಟಿಸಿದ್ದೆ.

ಬೆಳ್ಳಿ ಬಣ್ಣದ ಲ್ಯಾಪ್‌ಟಾಪು ಮನೆಗೆ ಬಂತು. ಅಮ್ಮ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಪ್ರಿಂಟರಿನಲ್ಲಿ ಮೊದಲು ಅಚ್ಚಾದದ್ದು ಮಾವನ ಮಗಳ ಜಾತಕ. ತಮ್ಮ ಕ್ರಿಕೆಟ್ ಆಡಿದ, ಸಿಕ್ಸರು ಹೊಡೆದ, ಸಂತೋಷವಾಗಿದ್ದ. ನಾನು ರೇಸಿನ ಸೀಡಿ ಹಾಕಿದರೆ ಒಂದು ಸಾಲಿನ ಇಂಗ್ಲಿಷ್ ಬೈಗುಳ ಬಂದು ಪರದೆ ಕಪ್ಪಾಗುತ್ತಿತ್ತು. ಟ್ಯಾಂಕಿಗೆ ನಾಲ್ಕು ಕಂಬ ನಿಲ್ಲಿಸುವ ತನಕ ಸರಿ, ಐದನೆಯದಕ್ಕೆ ಯಂತ್ರ ಕೈ ಚೆಲ್ಲುತ್ತಿತ್ತು. ಸೈಬರಿಗಾದರೂ ಹೋಗೋಣವೆಂದರೆ, ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲೇನು ಕೆಲಸ ಎಂದು ಅಪ್ಪ ಕಾಲೇಜು ಬಿಟ್ಟ ಮೊದಲನೇ ಬಸ್ಸಿಗೇ ಬರಲು ಹೇಳಿದರು. ನಗುನಗುತ್ತಲೇ ಹೇಳಿದರು.

ಇಷ್ಟೇ ಆಗಿದ್ದರೆ ನಾನು ಮಾವನನ್ನು ಬೈದುಕೊಂಡು ಇದ್ದುಬಿಡುತ್ತಿದ್ದೆ. ಆದರೆ ಒಳಗೆ ಬೇರೆಯದೇ ಕೊರೆಯುತ್ತಿತ್ತು. ಹಿಂದಿನ ದಿನ ಒಂದು ರೀತಿ ಹೇಳಿದ ಅಪ್ಪನ ಬಾಯಲ್ಲಿ ಮರುದಿನ ಇನ್ನೊಂದು ರೀತಿ ಬಂತಲ್ಲ, ಬರಿಸಿದವರು ಯಾರು? ದೇವರು ನನ್ನನ್ನು ಹಿಡಿದುಬಿಟ್ಟ. ನಾನು ಅವನ ಭುಜಕ್ಕೆ ಅಂಟು ಹಾಕಿದೆ, ಅವನು ಅಪ್ಪನ ನಾಲಿಗೆ ತಿರುಗಿಸಿದ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮುಂದಿನ ಸೋಮವಾರದಿಂದಲೇ ಕಾಲೇಜಿಗೆ ಹೊರಡುವ ಮೊದಲು ಗುಡಿಗೆ ದಿನಾ ಇಪ್ಪತ್ತೊಂದು ಸುತ್ತು ಹಾಕತೊಡಗಿದೆ. ಬರಿಗಾಲು, ಚಳಿಗಾಲದ ಕಲ್ಲು. ಸುತ್ತಿಗೊಂದು ಸಲ ತಪ್ಪಾಯಿತು ಎನ್ನುತ್ತಿದ್ದೆ. ಹಿಮ್ಮಡಿ ಒಡೆದು ರಕ್ತ ಬಂದಾಗ, ಬರಲಿ, ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ಮಗಳಿಗೆ ಭಕ್ತಿ ಬಂತು ಎಂದು ಅಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಐದು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ, ಮುಟ್ಟಿನ ದಿನಗಳ ಬಾಕಿಯನ್ನೂ ಆಮೇಲೆ ಸೇರಿಸಿ ಹಾಕಿದೆ. ನಾನು ಸುತ್ತುವಾಗ ಅಪ್ಪ ಒಳಗೆ ಅಭಿಷೇಕ ಮಾಡುತ್ತಿರುತ್ತಿದ್ದರು. ಪ್ರತಿ ಸುತ್ತಿನಲ್ಲಿ ಬಾಗಿಲ ಮುಂದೆ ಹಾದಾಗ ಒಮ್ಮೆ ನಮ್ಮಿಬ್ಬರ ಕಣ್ಣು ಸೇರುತ್ತಿತ್ತು.

ಪ್ರಾಜೆಕ್ಟಿನ ವೈವಾ ಬಂತು. ಉಳಿದವರೆಲ್ಲ ಪರದೆಯ ಮೇಲೆ ಸೇತುವೆ, ಮನೆ, ಮಹಡಿ ತಿರುಗಿಸಿ ತೋರಿಸಿದರು. ನಾನು ಕಾಗದದ ಮೇಲಿನ ಗೆರೆಯ ನಕ್ಷೆ ಹರಡಿದೆ. ಪರೀಕ್ಷಕರು ಅದನ್ನು ಮಡಚಿ ನನ್ನ ಕೈಗೇ ಕೊಟ್ಟು, ಲ್ಯಾಪ್‌ಟಾಪು ಇದೆ ಅಂತ ವರದಿಯಲ್ಲಿ ಬರೆದಿದ್ದೀಯ, ಮನೆಯಲ್ಲಿ ಪೂಜೆ ಮಾಡೋಕೆ ಇಟ್ಟಿದ್ದೀರಾ ಎಂದು ಕೇಳಿದರು. ಹುಡುಗರು ನಕ್ಕರು. ಪಾಸಾದೆ, ಅಂಚಿನಲ್ಲಿ.

ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದೆ. ಅಪ್ಪ ಪಡಸಾಲೆಯಲ್ಲಿ ಒಬ್ಬರೇ ಕೂತು ಸಂಜೆಗೆ ಗಂಧ ತೇಯುತ್ತಿದ್ದರು. ಬ್ಯಾಗು ಬಿಸಾಕಿ ಎದುರಿಗೆ ನಿಂತೆ. ಇವರಿಗೂ ಗೊತ್ತಾಗಲಿ, ಇವರ ದೇವರ ಹೂವಿನ ಬೆಲೆ ಎಷ್ಟು ಎಂದು ಇವರೂ ಒಂದು ಸಲ ನಡುಗಲಿ ಎಂದು ನನಗೆ ಅನ್ನಿಸಿತ್ತು.

"ಅವತ್ತು ಹೂ ಕೊಟ್ಟಿದ್ದು ದೇವರಲ್ಲ," ಎಂದೆ. "ನಾನು. ಬಲಕ್ಕೆ ಭಾರದ್ದು ಇಟ್ಟಿದ್ದೆ. ಎಡಕ್ಕೆ ಗಂಧ ಹಚ್ಚಿದ್ದೆ."

ಅಪ್ಪನ ಕೈ ನಿಲ್ಲಲಿಲ್ಲ. "ಗೊತ್ತು ಕಣಮ್ಮ," ಎಂದರು. "ಬೆರಳಿಗೆ ಅಂಟ್ತಲ್ಲ. ಅದಕ್ಕೇ ಕೇಳೋದನ್ನ ತಿರುಗಿಸಿದೆ."

ನಾನು ಅಲ್ಲೇ ಕಂಬಕ್ಕೆ ಒರಗಿ ಕೂತೆ. ಅಪ್ಪ ಸಮಾಧಾನವಾಗಿ ಉಳಿದದ್ದನ್ನೂ ಹೇಳಿದರು, ಊಟಕ್ಕೆ ಅಮ್ಮ ಏನು ಮಾಡಿದ್ದಾಳೆ ಎಂದು ಹೇಳುವ ಧ್ವನಿಯಲ್ಲಿ. ಮಾವ ಯಾವಾಗಲೋ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಸೈಬರಿನ ಬಾಗಿಲಿನಿಂದ ನನ್ನನ್ನು ನೋಡಿದ್ದರಂತೆ. ಹುಡುಗರ ಸಾಲಿನಲ್ಲಿ ಕೂತು ಕಾರು ಓಡಿಸುತ್ತಿದ್ದೆನಂತೆ. ಆಟ ಬೇಕಾದದ್ದು ತಮ್ಮನಿಗಲ್ಲ, ನನಗೆ ಎಂದು ಇಬ್ಬರಿಗೂ ಗೊತ್ತಿತ್ತು. ಅಂಗಡಿಗೆ ಹೋಗುವ ಮೊದಲೇ ಅವರಿಬ್ಬರ ನಡುವೆ ತೀರ್ಮಾನವಾಗಿತ್ತು, ಯಾವುದರಲ್ಲಿ ಆಟ ಓಡುವುದಿಲ್ಲವೋ ಅದು. ಹಾಗಾದರೆ ನೇರವಾಗಿ ಬೇಡ ಎನ್ನಬಹುದಿತ್ತಲ್ಲ ಎಂದು ಕೇಳಿದೆ. ನಾನು ಬೇಡ ಅಂದಿದ್ದರೆ ನಿನಗೆ ನನ್ನ ಮೇಲೆ ಬೇಜಾರಾಗುತ್ತಿತ್ತು ಎಂದರು.

ಲ್ಯಾಪ್‌ಟಾಪು ಹಾಳಾಗಿ ಹೋಗಲಿ. ನಾನು ಕೇಳಬೇಕಾಗಿದ್ದದ್ದು ಬೇರೆ.

"ನಾನು ದಿನಾ ಸುತ್ತು ಹಾಕ್ತಿದ್ದದ್ದು ಯಾತಕ್ಕೆ ಅಂತ ನಿಮಗೆ ಗೊತ್ತಿತ್ತಾ?"

ಈಗ ಕೈ ನಿಂತಿತು. ಗೊತ್ತಿತ್ತು ಎಂದು ತಲೆಯಾಡಿಸಿದರು.

"ಮತ್ತೆ ಯಾಕೆ ನಿಲ್ಲಿಸಲಿಲ್ಲ?"

"ಸುತ್ತು ಹಾಕಬೇಡ ಅಂತ ಅರ್ಚಕ ಆದವನು ಹೇಗೆ ಹೇಳ್ತಾನೆ?" ಎಂದು ಕೇಳಿದರು. ತಮಾಷೆಗಲ್ಲ, ನನ್ನಿಂದ ಉತ್ತರ ನಿರೀಕ್ಷಿಸುವವರ ಹಾಗೆ ಕೇಳಿದರು. ಆಮೇಲೆ ಕೊರಡನ್ನು ನೀರಿಗೆ ಅದ್ದಿ ಮತ್ತೆ ತೇಯತೊಡಗಿದರು.

ದೇವರ ಮೇಲೆ ನನಗಿದ್ದ ಹೆದರಿಕೆ ಆ ಮಧ್ಯಾಹ್ನವೇ ಹೋಯಿತು, ಅವನಿಗೆ ಇದರಲ್ಲಿ ಪಾಲೇ ಇರಲಿಲ್ಲ. ಐದು ತಿಂಗಳು ಒಡೆದ ಹಿಮ್ಮಡಿಯಲ್ಲಿ ತಪ್ಪಾಯಿತು ತಪ್ಪಾಯಿತು ಎಂದು ನಾನು ಸುತ್ತಿದ್ದು ಅಪ್ಪನನ್ನು. ಅವರು ಒಳಗೆ ನಿಂತು, ಸುತ್ತಿಗೊಮ್ಮೆ ನನ್ನ ಮುಖ ನೋಡಿ, ಮಂತ್ರ ಮುಂದುವರಿಸಿದರು. ಈಗ ಅವರಿಗೆ ವಯಸ್ಸಾಗಿದೆ, ಕ್ಷಮಿಸಿಬಿಡು ಎಂದು ಅಮ್ಮ ಹೇಳುತ್ತಾಳೆ. ಅವರು ಇದುವರೆಗೆ ಕೇಳಿಲ್ಲ, ನಾನೂ ಕ್ಷಮಿಸಿಲ್ಲ.